ಹನ್ನೊಂದು ಪಾಯಿಂಟ್ ನಾಲ್ಕು

ಒಬ್ಬ ಹುಡುಗಿಗೆ ನಾನು ಅನ್ಯಾಯ ಮಾಡಿದೆ. ಇಷ್ಟು ಖಚಿತ. ಆದರೆ ಯಾವ ಅನ್ಯಾಯ ಎಂದು ಯಾರಾದರೂ ಕೇಳಿದರೆ — ಅಲ್ಲಿ ತಡವರಿಸುತ್ತೇನೆ. ಹನ್ನೊಂದು ವರ್ಷ ನನಗೆ ಗೊತ್ತಿದೆ ಎಂದುಕೊಂಡಿದ್ದೆ. ಹತ್ತಾರು ಜನರ ಮುಂದೆ ಹೇಳಿಕೊಂಡೂ ಇದ್ದೆ. ಈ ಸಲದ ಪರೀಕ್ಷೆಯ ಹೊತ್ತಿಗೆ ಚನ್ನರಾಯಪಟ್ಟಣದ ಒಂದು ಪ್ರಯೋಗಾಲಯದಲ್ಲಿ ನಿಂತು ಕೇಳಿದ ನಾಲ್ಕು ಮಾತು ಎಲ್ಲವನ್ನೂ ಕಲಕಿಹಾಕಿತು. ಆಮೇಲಿನ ಎರಡು ತಿಂಗಳು ನಾನು ಸರಿಯಾಗಿ ಕೂತದ್ದಿಲ್ಲ, ನಿಂತದ್ದಿಲ್ಲ.

ನಾನು ಪಿಯು ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳಿಕೊಡುವವನು. ಮನೆ ಹಾಸನದಲ್ಲಿ, ಕೆಲಸ ಹೊಳೆನರಸೀಪುರದಲ್ಲಿ. ಮೈಸೂರಿನಲ್ಲಿ ಎಂಎಸ್ಸಿ ಓದುವಾಗ ಅಂಟಿದ ಚಾಳಿ ಒಂದಿದೆ — ಯಾರು ಏನೇ ಹೇಳಲಿ, ‘ಅದಕ್ಕೆ ಆಧಾರ ಏನು?’ ಎಂದು ಕೇಳುವುದು. ನನ್ನ ಹೆಂಡತಿ ಸುಮಾಳ ತವರಿನಲ್ಲಿ ನನಗೆ ‘ಆಧಾರ್ ಕಾರ್ಡು’ ಎಂದೇ ಹೆಸರು. “ಬಂದ್ರು ಕಣ್ಲಾ ಆಧಾರ್ ಕಾರ್ಡು, ಜಾತಕ ಒಳಗಿಡ್ಲಾ” ಎಂದು ಅವಳ ಅಣ್ಣ ಬಾಗಿಲಲ್ಲೇ ಕೂಗುತ್ತಾನೆ. ಜಾತಕ, ವಾಸ್ತು, ಪೇಪರಿನ ಸುದ್ದಿ, ಪಕ್ಕದ ಮನೆಯವರ ಸಕ್ಕರೆ ಕಾಯಿಲೆಯ ಕಷಾಯ — ಯಾವುದನ್ನೂ ಸುಮ್ಮನೆ ಒಪ್ಪಿದವನಲ್ಲ ನಾನು. ನನ್ನ ನೆನಪನ್ನು ಮಾತ್ರ ಒಂದು ಸಲವೂ ಆಧಾರ ಕೇಳಿರಲಿಲ್ಲ.

ಮೊದಲು ನಾನು ಹೇಳಿಕೊಂಡು ಬಂದ ಕಥೆಯನ್ನು ಹಾಗೇ ಹೇಳುತ್ತೇನೆ. ಅದಕ್ಕೆ ಮುಂಚೆ ನಮ್ಮ ಕೆಲಸದ ರೀತಿ ಸ್ವಲ್ಪ ತಿಳಿದಿರಬೇಕು.

ದ್ವಿತೀಯ ಪಿಯುಸಿಯ ಪ್ರಾಯೋಗಿಕ ಪರೀಕ್ಷೆಗೆ ಪ್ರತಿ ಕಾಲೇಜಿಗೂ ಬೇರೆ ಕಡೆಯಿಂದ ಒಬ್ಬ ಪರೀಕ್ಷಕ ಬರಬೇಕು. ಆ ಕಾಲೇಜಿನ ಉಪನ್ಯಾಸಕರೊಬ್ಬರು ಒಳಗಿನ ಪರೀಕ್ಷಕರು. ಇಬ್ಬರೂ ಸೇರಿ ಮೂವತ್ತಕ್ಕೆ ಅಂಕ ಹಾಕಿ ಸಹಿ ಮಾಡಬೇಕು. ಮುಖ್ಯವಾದ ಪ್ರಯೋಗ ಟೈಟ್ರೇಶನ್. ಬ್ಯೂರೆಟ್ ಎಂಬ ಗೆರೆಗೆರೆಯ ಉದ್ದನೆಯ ಗಾಜಿನ ಕೊಳವೆಯಿಂದ ನೇರಳೆ ಬಣ್ಣದ ಪರ್ಮಾಂಗನೇಟ್ ದ್ರಾವಣವನ್ನು ಹನಿಹನಿಯಾಗಿ ಕೆಳಗಿನ ಫ್ಲಾಸ್ಕಿಗೆ ಬಿಡುತ್ತ ಹೋಗಬೇಕು. ಫ್ಲಾಸ್ಕಿನಲ್ಲಿರುವುದು ತಿಳಿ ಗುಲಾಬಿಗೆ ತಿರುಗಿ ಹಾಗೇ ನಿಂತ ಕೂಡಲೇ ಕೊಳವೆ ಮುಚ್ಚಿ, ಎಷ್ಟು ಇಳಿಯಿತೆಂದು ಓದಿ ಬರೆಯಬೇಕು. ಅದೇ ರೀಡಿಂಗು. ಬೆಳಿಗ್ಗೆಯೇ ಒಳಗಿನವರು ತಾವೊಂದು ಸಲ ಮಾಡಿ ಸರಿಯಾದ ರೀಡಿಂಗನ್ನು ಗುರುತಿಟ್ಟಿರುತ್ತಾರೆ. ಮಕ್ಕಳದ್ದು ಅದಕ್ಕೆ ಹತ್ತಿರ ಬಂದಷ್ಟೂ ಅಂಕ.

ಇದು ನಿಯಮ. ಪದ್ಧತಿ ಬೇರೆ. ಪ್ರಯೋಗಾಲಯದ ಅಟೆಂಡರ್ ಡಿಸ್ಟಿಲ್ಡ್ ವಾಟರ್ ಬಾಟಲಿ ಹಿಡಿದು ಬೆಂಚಿನಿಂದ ಬೆಂಚಿಗೆ ಓಡಾಡುತ್ತಾನೆ. ನೀರು ಬಿಡುವ ನೆಪದಲ್ಲಿ ಬಗ್ಗಿ ಆ ಸಂಖ್ಯೆಯನ್ನು ಮಕ್ಕಳ ಕಿವಿಗೆ ಹಾಕುತ್ತಾನೆ. ಹೊರಗಿನಿಂದ ಬಂದವನು ಆಗ ಕಿಟಕಿಯ ಕಡೆ ನೋಡುತ್ತ ನಿಲ್ಲಬೇಕು. ಯಾರೂ ಹೇಳಿಕೊಡದಿದ್ದರೂ ಇದು ಎಲ್ಲರಿಗೂ ಗೊತ್ತು. ನಾನು ಬಹಳ ಕಿಟಕಿಗಳನ್ನು ನೋಡಿದ್ದೇನೆ.

ಈಗ ಕಥೆ. ಹನ್ನೊಂದು ವರ್ಷದ ಹಿಂದೆ ಅರಕಲಗೂಡಿನ ಒಂದು ಕಾಲೇಜಿಗೆ ಹೋಗಿದ್ದೆ. ಶುಂಠಿ ಮೂಟೆಗಳ ಪಕ್ಕ ನಿಂತುಕೊಂಡೇ ಬಸ್ಸಿನಲ್ಲಿ ಹೋದದ್ದು ಚೆನ್ನಾಗಿ ನೆನಪಿದೆ — ಅಥವಾ ಅದು ಬೇರೆ ವರ್ಷವೋ. ಅವತ್ತಿನ ಸರಿಯಾದ ರೀಡಿಂಗು ಒಂಬತ್ತು ಪಾಯಿಂಟ್ ಎಂಟು. ತಿಮ್ಮಯ್ಯ ಎಂಬ ಅಟೆಂಡರ್ ಅದನ್ನು ಎಲ್ಲ ಬೆಂಚಿಗೂ ತಲುಪಿಸಿದ್ದ. ಎಲ್ಲರ ಹಾಳೆಯಲ್ಲೂ ಒಂಬತ್ತು ಏಳು, ಒಂಬತ್ತು ಎಂಟು, ಒಂಬತ್ತು ಒಂಬತ್ತು. ಕೊನೆಯ ಬೆಂಚಿನ ಒಬ್ಬ ಹುಡುಗಿಯ ಹಾಳೆಯಲ್ಲಿ ಮಾತ್ರ ಮೂರು ಸಲವೂ ಹನ್ನೊಂದು ಪಾಯಿಂಟ್ ನಾಲ್ಕು.

ನಾನು ಕೇಳಿದೆ. ಅವಳು, “ನನಗೆ ಬಂದಿದ್ದೇ ಇದು ಸಾರ್” ಎಂದಳು. ಮತ್ತೆ ಕೇಳಿದೆ. ಮತ್ತೆ ಅದನ್ನೇ ಹೇಳಿದಳು. ಆಗ ನಾನು ಎಲ್ಲರಿಗೂ ಕೇಳುವಂತೆ, “ಇದು ಬ್ಯೂರೆಟ್ಟಿನ ರೀಡಿಂಗಲ್ಲಮ್ಮ, ನಿನ್ನ ತಲೆಯ ರೀಡಿಂಗು” ಎಂದೆ. ಹುಡುಗರು ನಕ್ಕರು. ಅವಳು ಬಗ್ಗಲಿಲ್ಲ. ಆರು ಅಂಕ ಕಳೆದು ಇಪ್ಪತ್ನಾಲ್ಕು ಹಾಕಿ ಸಹಿ ಮಾಡಿದೆ. ಅಂಕಪಟ್ಟಿಯನ್ನು ಲಕೋಟೆಗೆ ಹಾಕಿ ಅರಗು ಒತ್ತಿದ ಮೇಲೆ — ಆ ಅರಗಿನ ವಾಸನೆ ಈಗಲೂ ಮೂಗಿನಲ್ಲಿದೆ — ಯಾಕೋ ಮನಸ್ಸು ತಡೆಯದೆ ಅವಳ ಬೆಂಚಿಗೆ ಹೋಗಿ ಅದೇ ಬ್ಯೂರೆಟ್ಟಿನಲ್ಲಿ ನಾನೇ ಒಂದು ಸಲ ಮಾಡಿ ನೋಡಿದೆ. ಹನ್ನೊಂದು ಪಾಯಿಂಟ್ ನಾಲ್ಕು! ತಿಮ್ಮಯ್ಯನನ್ನು ಕರೆದು ಕೇಳಿದರೆ, “ಕೊನೆ ಬೆಂಚ್ಗೆ ಸಾಲ್ದೆ ಓಯ್ತು ಸಾ, ಒಸಿ ನೀರ್ ಉಯ್ದೆ. ಬಣ್ಣ ಅಂಗೇ ಇತ್ತಲ್ಲ” ಎಂದ. ದ್ರಾವಣ ತೆಳುವಾದರೆ ಹೆಚ್ಚು ಇಳಿಯಬೇಕು. ಆ ಬೆಂಚಿನ ಆರು ಜನಕ್ಕೂ ಬಂದಿದ್ದು ಹನ್ನೊಂದು ನಾಲ್ಕೇ. ಬಂದದ್ದನ್ನು ಬರೆದವಳು ಅವಳೊಬ್ಬಳು. ಲಕೋಟೆ ಒಡೆಯುವ ಧೈರ್ಯ ಬರಲಿಲ್ಲ. ಬಸ್ಸು ಹಿಡಿದು ಹಾಸನಕ್ಕೆ ಬಂದುಬಿಟ್ಟೆ.

ಇದು ಕಥೆ. ಇದನ್ನು ಸುಮಾಳಿಗೆ ಹೇಳಿದ್ದೆ. ಸ್ಟಾಫ್ ರೂಮಿನಲ್ಲಿ ಹೇಳಿದ್ದೆ. ಒಂದು ಸಲ ಹಾಸನದಲ್ಲಿ ಉಪನ್ಯಾಸಕರ ತರಬೇತಿಯಲ್ಲಿ ಮೈಕಿನ ಮುಂದೆ ನಿಂತು ಹೇಳಿದೆ — ‘ಸತ್ಯ ಬರೆದ ಮಗುವಿಗೆ ನಾನು ಶಿಕ್ಷೆ ಕೊಟ್ಟೆ, ಆ ಆರು ಅಂಕ ಇವತ್ತಿಗೂ ನನ್ನನ್ನು ಸುಡುತ್ತದೆ’. ಚಪ್ಪಾಳೆ ಬಿತ್ತು. ಹೊಸದಾಗಿ ಕೆಲಸಕ್ಕೆ ಸೇರಿದ ಒಬ್ಬರು ಊಟದ ಹೊತ್ತಿನಲ್ಲಿ ಬಂದು, “ಇಷ್ಟು ಪ್ರಾಮಾಣಿಕವಾಗಿ ಯಾರು ಸರ್ ಹೇಳ್ಕೋತಾರೆ” ಎಂದು ಕೈ ಹಿಡಿದುಕೊಂಡರು. ನನಗೆ — ಹೇಳಿಬಿಡಬೇಕು — ಹಿತವಾಗಿತ್ತು.

ಈ ವರ್ಷ ನನ್ನನ್ನು ಚನ್ನರಾಯಪಟ್ಟಣಕ್ಕೆ ಹಾಕಿದರು. ಅಲ್ಲಿನ ಒಳಗಿನ ಪರೀಕ್ಷಕಿ ಇಪ್ಪತ್ತೆಂಟೋ ಇಪ್ಪತ್ತೊಂಬತ್ತೋ ವಯಸ್ಸಿನ ಹೆಣ್ಣುಮಗಳು. ಪ್ರಯೋಗಾಲಯ ಅಚ್ಚುಕಟ್ಟಾಗಿತ್ತು. ಬಾಟಲಿಗಳ ಮೇಲೆ ಹೊಸ ಚೀಟಿ, ಬೆಂಚಿನ ಮೇಲೆ ಒಂದು ಹನಿ ಕಲೆಯಿಲ್ಲ. ನನಗೆ ಕುರ್ಚಿ ಹಾಕಿಸಿ, ನೀರು ಕೊಟ್ಟು, ಎದುರು ನಿಂತು ನಕ್ಕಳು.

“ಗುರುತು ಸಿಗ್ಲಿಲ್ವಾ ಸರ್? ನಾನು ಪವಿತ್ರ. ಅರಕಲಗೂಡಲ್ಲಿ ನೀವೇ ನಮಗೆ ಎಕ್ಸ್‌ಟರ್ನಲ್ ಬಂದಿದ್ರಿ.”

ನನಗೆ ಮುಖ ಗುರುತು ಹತ್ತಲಿಲ್ಲ. ಸುಮ್ಮನೆ ತಲೆಯಾಡಿಸಿದೆ.

“ಅಯ್ಯೋ, ಹನ್ನೊಂದು ಪಾಯಿಂಟ್ ನಾಲ್ಕು ಸರ್!”

ಗ್ಲಾಸಿನ ನೀರು ಅಂಗಿಯ ಮೇಲೆ ಚೆಲ್ಲಿತು. ಈ ದಿನಕ್ಕಾಗಿ ನಾನು ಎಷ್ಟು ಸಲ ಮನಸ್ಸಿನಲ್ಲೇ ಮಾತು ಜೋಡಿಸಿಟ್ಟಿದ್ದೆ! ಎದ್ದು ನಿಂತು, “ಅವತ್ತು ನಿನಗೆ ಆರು ಅಂಕ ಕಳೆದು ನಾನು ಬಹಳ ದೊಡ್ಡ ತಪ್ಪು ಮಾಡ್ದೆ ಕಣಮ್ಮ” ಎಂದೆ.

ಪವಿತ್ರ ಒಂದು ಗಳಿಗೆ ನನ್ನನ್ನೇ ನೋಡಿದಳು. ತಮಾಷೆ ಮಾಡುತ್ತಿದ್ದೇನೆಯೇ ಎಂದು ಅಳೆಯುವಂತೆ.

“ಕಳೆದ್ರಾ? ಯಾರಿಗೆ ಸರ್? ನನಗೆ ಫುಲ್ ಮಾರ್ಕ್ಸ್ ಕೊಟ್ಟಿದ್ರಲ್ಲ ನೀವು!”

ಮುಂದೆ ಅವಳು ಹೇಳಿದ್ದನ್ನು ಆದಷ್ಟೂ ಅವಳ ಮಾತಿನಲ್ಲೇ ಬರೆಯುತ್ತೇನೆ. ಆ ದಿನ ಮನೆಗೆ ಬಂದ ಕೂಡಲೇ ಗುರುತು ಹಾಕಿಕೊಂಡಿದ್ದೆ — ನನ್ನ ನೆನಪಿನ ಮೇಲೆ ನಂಬಿಕೆ ಹೋಗಿತ್ತು.

“ನಂಗೆ ಮೂರು ಸಲನೂ ಹನ್ನೊಂದು ನಾಲ್ಕೇ ಬಂತು ಸರ್. ಅಳೋ ಹಂಗಾಗಿತ್ತು. ನೀವು ಬಂದು ಹಾಳೆ ನೋಡಿದ್ರಿ. ಬೈಲಿಲ್ಲ. ‘ಸರಿ, ಈಕಡೆ ಬಾ’ ಅಂತ ನನ್ನ ಸರಿಸಿ, ನನ್ನ ಬ್ಯೂರೆಟ್ಟಲ್ಲಿ ನೀವೇ ಒಂದ್ಸಲ ಮಾಡಿದ್ರಿ. ನಿಮಗೂ ಅದೇ ಬಂತು. ಪಕ್ಕದವರ ಹಾಳೆ ಎಲ್ಲಾ ನೋಡಿದ್ರಿ. ಅಷ್ಟೊತ್ತಿಗೆ ತಿಮ್ಮಯ್ಯ ಬಾಗಿಲಲ್ಲಿ ನಿಂತು ‘ಸಾ, ಊಟ ಆರೋಯ್ತದೆ ಬನ್ನಿ’ ಅಂದ. ನೀವು ನನ್ನ ಕಡೆ ಬಗ್ಗಿ ಮೆತ್ತಗೆ ಹೇಳಿದ್ರಿ — ‘ನೀನು ಬರೆದಿರೋದು ಸರಿ ಇದೆ ಕಣಮ್ಮ. ಆದ್ರೂ ತಿದ್ದಿ ಬರಿ.’ ಹೊಸ ಹಾಳೇನೂ ನೀವೇ ಕೊಟ್ರಿ. ಹಳೇದನ್ನ ಮಡಚಿ ಜೇಬಿಗೆ ಹಾಕ್ಕೊಂಡ್ರಿ. ನಾನು ಒಂಬತ್ತು ಎಂಟು ಅಂತ ಬರ್ದೆ.”

ಅವಳು ಮುಂದುವರಿಸಿದಳು. ಅವಳ ದನಿಯಲ್ಲಿದ್ದದ್ದು ದೂರಲ್ಲ — ಕೃತಜ್ಞತೆ. ಅದನ್ನು ಹೇಗೆ ತಡೆದುಕೊಂಡೆನೋ.

“ನೀವು ಹೇಳ್ದೆ ಇದ್ದಿದ್ರೆ ನಾನು ಹಠ ಮಾಡ್ಕೊಂಡು ಕೂತಿರ್ತಿದ್ದೆ ಸರ್. ನಮ್ಮಪ್ಪ ಯಾವಾಗ್ಲೂ ಬೈಯೋರು, ಕತ್ತೆ ಹಠ ಅಂತ. ಅವತ್ತಿಂದ ಬಿಟ್ಟೆ. ಬಿಎಸ್ಸಿಲಿ, ಎಂಎಸ್ಸಿಲಿ ಎಲ್ಲೂ ತೊಂದ್ರೆನೇ ಆಗ್ಲಿಲ್ಲ. ಪ್ರಾಜೆಕ್ಟಲ್ಲಿ ಗೈಡ್‌ಗೆ ಏನ್ ಬೇಕೋ ಅದೇ ವ್ಯಾಲ್ಯೂ ಬರ್ದೆ. ಈಗ ನಮ್ಮ ಮಕ್ಳಿಗೂ ಅದೇ ಹೇಳೋದು — ಬಂದಿದ್ದನ್ನ ನೋಡ್ಕೊಳಿ, ಬೇಕಾಗಿದ್ದನ್ನ ಬರೀರಿ ಅಂತ. ಪಾಪ, ಯಾಕೆ ಒದ್ದಾಡ್ಬೇಕು?”

ಅಷ್ಟರಲ್ಲಿ ಮೊದಲ ತಂಡದ ಮಕ್ಕಳು ಒಳಗೆ ಬಂದರು. ಅವತ್ತಿನ ರೀಡಿಂಗು ಒಂಬತ್ತು ಪಾಯಿಂಟ್ ಆರು. ಮಧ್ಯಾಹ್ನದ ಹೊತ್ತಿಗೆ ಎಲ್ಲ ಹಾಳೆಗಳಲ್ಲೂ ಒಂಬತ್ತು ಐದು, ಒಂಬತ್ತು ಆರು, ಒಂಬತ್ತು ಏಳು. ಒಬ್ಬ ಹುಡುಗನ ಬ್ಯೂರೆಟ್ಟಿನ ತಳ ಸೋರುತ್ತಿತ್ತು, ಬೆಂಚಿನ ಮೇಲೆ ನೇರಳೆ ಮಡುಗಟ್ಟಿತ್ತು — ಅವನದೂ ಒಂಬತ್ತು ಆರೇ. ನಾನು ಸಹಿ ಹಾಕಿದೆ. ಹೌದು, ಅಷ್ಟೆಲ್ಲ ಕೇಳಿಸಿಕೊಂಡ ಮೇಲೂ ಹಾಕಿದೆ. ಯಾವ ಬಾಯಿಂದ ಬೇಡ ಎನ್ನಲಿ ಅವಳಿಗೆ? — ಅವತ್ತು ಹೀಗೆ ಕೇಳಿಕೊಂಡೆ. ಇದೂ ಒಂದು ನೆಪ. ಬಾಯಿ ಇತ್ತು.

ಮನೆಗೆ ಬಂದವನು ಅನುಮಾನಪಡಲು ಶುರುಮಾಡಿದೆ. ಮೊದಲು ಅವಳ ನೆನಪನ್ನು. ಹದಿನೇಳು ವರ್ಷದ ಹುಡುಗಿ, ಪರೀಕ್ಷೆಯ ಗಾಬರಿ, ಏನು ಕಂಡಳೋ ಏನು ಕಟ್ಟಿಕೊಂಡಳೋ. ಅಥವಾ ಈಗ ನಾನು ಹೊರಗಿನಿಂದ ಬಂದ ಪರೀಕ್ಷಕ, ನನ್ನನ್ನು ಸಂತೋಷಪಡಿಸಲು ಹೇಳಿದಳೋ. ಆದರೆ ಅವಳು ಸುಳ್ಳು ಹೇಳುವುದಾದರೆ ಅಂಥ ಸುಳ್ಳನ್ನು ಯಾಕೆ ಹೇಳಬೇಕು? ಆಮೇಲೆ ನನ್ನದರ ಮೇಲೆ ಅನುಮಾನ. ಅರಗಿನ ವಾಸನೆ ಮೂಗಿನಲ್ಲಿ ಈಗಲೂ ಇದೆ ಎಂದು ನಾನು ಕಥೆಯಲ್ಲಿ ಹೇಳುತ್ತಿದ್ದೆನಲ್ಲ — ಪ್ರಾಯೋಗಿಕ ಪರೀಕ್ಷೆಯ ಅಂಕಪಟ್ಟಿಗೆ ಅರಗು ಒತ್ತುವುದನ್ನು ನಾನು ಎಲ್ಲಾದರೂ ಕಂಡಿದ್ದೇನೆಯೇ? ಎಷ್ಟು ಯೋಚಿಸಿದರೂ ಒಂದು ಕಡೆಯೂ ನೆನಪಾಗಲಿಲ್ಲ. ಅಪ್ಪ ಅಂಚೆ ಕಚೇರಿಯಲ್ಲಿದ್ದವರು. ಆ ವಾಸನೆ ಅಲ್ಲಿಂದ ಬಂದು ನನ್ನ ಕಥೆಯೊಳಗೆ ಸೇರಿಕೊಂಡಿದ್ದರೆ? ‘ನಿನ್ನ ತಲೆಯ ರೀಡಿಂಗು’ ಎಂಬ ಮಾತು — ಅದನ್ನು ನಾನು ನಿಜವಾಗಿ ಅಂದೆನೋ, ಅಥವಾ ಎರಡನೆಯ ಸಲವೋ ಮೂರನೆಯ ಸಲವೋ ಕಥೆ ಹೇಳುವಾಗ ಚೆನ್ನಾಗಿ ಕೇಳಿಸುತ್ತದೆಂದು ಸೇರಿಸಿದೆನೋ?

ಸುಮಾಳನ್ನು ಕೇಳಿದೆ. “ನಿನಗೆ ಮೊದಲ ಸಲ ಹೇಳಿದಾಗ ಅಂಕ ಕಳೆದೆ ಅಂದಿದ್ದೆನಾ?”

ಅವಳು ಅವರೆಕಾಯಿ ಬಿಡಿಸುತ್ತಿದ್ದಳು. “ಮೊದಲ ಸಲ ಏನ್ ಹೇಳಿದ್ರೋ ಯಾರಿಗ್ ಗೊತ್ತು. ಒಂದು ಹುಡುಗಿ ಅತ್ಳು ಅಂದಿದ್ರಿ. ಅಂಕದ ವಿಷಯ ಆಮೇಲೆ ಬಂತು ಅನ್ಸುತ್ತೆ.” ಸಿಪ್ಪೆಯನ್ನು ಪಕ್ಕಕ್ಕೆ ಸರಿಸಿ, “ವರ್ಷ ವರ್ಷಕ್ಕೂ ಆ ಹುಡುಗಿ ಎತ್ತರ ಆಗ್ತಾ ಹೋದ್ಳು ರೀ ನಿಮ್ಮ ಕಥೇಲಿ” ಎಂದಳು.

ಕಪಾಟು, ಅಟ್ಟ, ಹಳೆಯ ಬ್ಯಾಗು ಎಲ್ಲವನ್ನೂ ಜಾಲಾಡಿದೆ. ಮಡಚಿದ ಉತ್ತರದ ಹಾಳೆ ಎಲ್ಲೂ ಸಿಗಲಿಲ್ಲ. ಒಂದು ಕ್ಷಣ ನೆಮ್ಮದಿಯಾಯಿತು. ಮರುಕ್ಷಣ ನನ್ನದೇ ಪಾಠ ನೆನಪಾಯಿತು — ಸಿಗಲಿಲ್ಲ ಎಂಬುದು ಇರಲಿಲ್ಲ ಎಂಬುದಕ್ಕೆ ಆಧಾರವಲ್ಲ.

ಈ ಓಡಾಟದ ನಡುವೆ ಒಂದು ವಿಷಯ ನಿಧಾನವಾಗಿ ತಲೆಗೆ ಇಳಿಯಿತು. ನಾನು ಹನ್ನೊಂದು ವರ್ಷ ಹೇಳಿಕೊಂಡ ತಪ್ಪು ನೋಡುವುದಕ್ಕೆ ಚೆನ್ನಾಗಿದೆ. ಅದರಲ್ಲಿ ನಾನು ಕಟ್ಟುನಿಟ್ಟಿನ ಪರೀಕ್ಷಕ. ಗೊತ್ತಿಲ್ಲದೆ ಅನ್ಯಾಯ ಮಾಡಿದವನು, ಗೊತ್ತಾದ ಮೇಲೆ ನೊಂದವನು. ಅವಳೂ ಬಗ್ಗದೆ ನಿಂತವಳು. ಪವಿತ್ರ ಹೇಳಿದ್ದರಲ್ಲಿ ನೋಡುವಂಥದ್ದು ಏನೂ ಇಲ್ಲ. ಅದರಲ್ಲಿ ನನಗೆ ಎಲ್ಲ ಗೊತ್ತಿತ್ತು. ನಾನೇ ಮಾಡಿ ನೋಡಿದ್ದೆ. ಆ ಬೆಂಚಿನ ಆರು ಜನಕ್ಕೂ ಹೊಸ ದ್ರಾವಣ ಕೊಟ್ಟು ಮತ್ತೆ ಮಾಡಿಸಬೇಕಿತ್ತು. ಮಾಡಿಸಿದ್ದರೆ ಅಲ್ಲಿನವರಿಗೆ ಮುಜುಗರ, ನನ್ನ ಊಟ ತಡ, ಬಸ್ಸು ತಪ್ಪುವುದು. ಅದರ ಬದಲು ಒಂದು ಹಾಳೆ ಬದಲಿಸಿದೆ. ಮಗುವಿನ ಒಳ್ಳೆಯದಕ್ಕೇ ಹಾಗೆ ಹೇಳಿದೆ ಎಂದು ಒಳಗಿಂದ ಒಂದು ದನಿ ಬರುತ್ತದೆ. ಆ ದನಿಯನ್ನು ನಾನು ನಂಬುವುದಿಲ್ಲ. ಅದು ಒಂದು ಕಥೆಯನ್ನು ಆಗಲೇ ಕಟ್ಟಿಕೊಟ್ಟಿದೆ.

ಆರು ಅಂಕ ಹೋದರೆ ಮಗು ಒಂದು ದಿನ ಅತ್ತು ಸುಮ್ಮನಾಗುತ್ತದೆ. ಕಣ್ಣಾರೆ ಕಂಡದ್ದನ್ನು ನಂಬಬೇಡ ಎಂದು, ಅದೂ ‘ಸರಿ ಇದೆ’ ಎಂದು ಒಪ್ಪಿಕೊಂಡ ಬಾಯಿಂದಲೇ, ವಿಜ್ಞಾನದ ಮೇಷ್ಟ್ರೊಬ್ಬ ಹೇಳಿಕೊಟ್ಟರೆ — ಅವಳು ಅದನ್ನು ಕಲಿತಳು. ಚೆನ್ನಾಗಿ ಕಲಿತಳು. ಈಗ ಕಲಿಸುತ್ತಿದ್ದಾಳೆ.

ಎರಡರಲ್ಲಿ ಯಾವುದು ನಿಜ ಎಂದು ತಿಳಿಯಲು ಒಂದೇ ದಾರಿ ಇತ್ತು. ಅಂಕ. ಇಪ್ಪತ್ನಾಲ್ಕು ಇದ್ದರೆ ನನ್ನ ಕಥೆ, ಮೂವತ್ತಿದ್ದರೆ ಅವಳದು. ಅಂಕಪಟ್ಟಿಯ ಒಂದು ಪ್ರತಿ ಕಾಲೇಜಿನಲ್ಲೇ ಉಳಿದಿರಬೇಕು. ಅವಳನ್ನೇ ಕೇಳಿ ಅವಳ ಮಾರ್ಕ್ಸ್ ಕಾರ್ಡಿನ ಫೋಟೋ ತರಿಸಿಕೊಳ್ಳಬಹುದಿತ್ತು. ಕೇಳುವ ಮುಖ ಇರಲಿಲ್ಲ. ಹೋದ ವಾರ ರಜೆ ಹಾಕಿ ಅರಕಲಗೂಡಿಗೆ ಹೋದೆ.

ಬಸ್ ನಿಲ್ದಾಣದ ಪಕ್ಕದ ಟೀ ಅಂಗಡಿಯಲ್ಲಿ ತಿಮ್ಮಯ್ಯನೇ ಸಿಕ್ಕಿದ. ನಿವೃತ್ತನಾಗಿ ಮೂರು ವರ್ಷವಂತೆ. ನನ್ನನ್ನು ಕಂಡು ಬೀಡಿ ಹಿಂದಕ್ಕೆ ಮುಚ್ಚಿಟ್ಟುಕೊಂಡ. ನಾನು ಆ ದಿನದ್ದನ್ನೆಲ್ಲ ಬಿಡಿಸಿ ಬಿಡಿಸಿ ಕೇಳಿದೆ.

“ವರ್ಸ ವರ್ಸ ನಿಮ್ಮಂಗೆ ಒಬ್ರು ಬತ್ತಿದ್ರು ಸಾ. ಯಾರ್ ಏನ್ ಮಾಡುದ್ರು ಅಂತ ಯಾವನ್ ತಲೇಲಿಟ್ಕಂಡಾನು? ನೀವು ಕೋಳಿ ಸಾರಲ್ಲಿ ಕಾಲ್ನ ಅಂಗೇ ಬುಟ್ಟಿದ್ರಿ. ಅದ್ ಮಾತ್ರ ಗ್ಯಾಪ್ಕ ಐತೆ. ಮನೇಲಿ ನಮ್ಮೆಂಗ್ಸು ಬೇಜಾರ್ ಮಾಡ್ಕಂಡ್ಳು.”

“ನೀರು ಹುಯ್ದಿದ್ದೆಯಾ ದ್ರಾವಣಕ್ಕೆ?”

“ಉಯ್ದಿರ್ತೀನಿ ಬುಡಿ. ಸಾಲ್ದಾದಾಗೆಲ್ಲಾ ಉಯ್ತಿದ್ದೆ. ಎಂಗಿದ್ರೂ ರೀಡಿಂಗ್ ನಾನೇ ಯೋಳ್ಕೊಡ್ತಿದ್ನಲ್ಲ ಸಾ, ನೀರಾದ್ರೇನು, ಮಜ್ಜಿಗೆಯಾದ್ರೇನು?” ಎಂದು ಬಾಯಿ ತುಂಬ ನಕ್ಕ. ನಾನೂ ನಕ್ಕೆ. ನಗಬಾರದಿತ್ತು.

ಕಾಲೇಜಿನ ಕಚೇರಿಯಲ್ಲಿ ಗುಮಾಸ್ತೆ ಮೊದಲು ಕೊಸರಾಡಿದಳು. “ಇಷ್ಟು ವರ್ಷ ಆದ್ಮೇಲೆ ಯಾಕ್ ಸಾರ್? ಯಾರಾದ್ರೂ ಕಂಪ್ಲೇಂಟ್ ಕೊಟ್ಟವ್ರಾ?” ಇಲ್ಲ ಎಂದೆ. ಯಾರೂ ಕೊಡಲಿಲ್ಲ, ಅದೇ ತೊಂದರೆ ಎಂದು ಹೇಳಲು ಹೊರಟು ನಿಲ್ಲಿಸಿದೆ. ಪ್ರಾಂಶುಪಾಲರನ್ನು ಕೇಳಿಕೊಂಡು ಬಂದು, ಕಬ್ಬಿಣದ ಬೀರುವಿನ ತಳದಿಂದ ದಾರ ಕಟ್ಟಿದ ಕಡತವೊಂದನ್ನು ತೆಗೆದು ಮೇಜಿನ ಮೇಲೆ ಕೊಡವಿದಳು.

ಅದನ್ನು ಬಿಚ್ಚುವ ಮುಂಚೆಯೇ ನಾನು ನಿರ್ಧರಿಸಿದ್ದೆ. ಒಳಗೆ ಏನೇ ಇರಲಿ, ಅದನ್ನು ಬರೆದು ಮೊದಲು ಪವಿತ್ರಳಿಗೆ ಕೊಡುತ್ತೇನೆ. ‘ಅವತ್ತು ನೀನು ಬರೆದದ್ದು ಸರಿಯಿತ್ತು, ತಿದ್ದಬಾರದಿತ್ತು, ನಿನ್ನ ಮಕ್ಕಳಿಗೆ ಹಾಗೆ ಹೇಳಬೇಡ’ ಎಂದು ಎದುರು ಕೂತು ಹೇಳುತ್ತೇನೆ. ಅವಳು ಸಿಟ್ಟಾಗಬಹುದು. ನಗಬಹುದು. ಈಗ ನೆನಪಾಯಿತೇ ಎನ್ನಬಹುದು. ತರಬೇತಿಯಲ್ಲಿ ಚಪ್ಪಾಳೆ ತಟ್ಟಿದವರಿಗೂ ತಿಳಿಯಬೇಕು. ಇನ್ನು ಮುಂದೆ ಹೊರಗಿನವನಾಗಿ ಹೋದ ಕಡೆ ಕಿಟಕಿಯ ಕಡೆ ತಿರುಗಿ ನಿಲ್ಲುವುದಿಲ್ಲ ಎಂದೂ ಅಂದುಕೊಂಡೆ. ಅದನ್ನು ನಡೆಸುತ್ತೇನೋ ಇಲ್ಲವೋ — ನನ್ನ ಮಾತಿಗೆ ಸದ್ಯಕ್ಕೆ ಆಧಾರವಿಲ್ಲ.

ದಾರ ಬಿಚ್ಚಿದೆ. ಹಾಳೆಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ರಸಾಯನಶಾಸ್ತ್ರದ ಪಟ್ಟಿ ಎರಡು ಪುಟ. ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಬೆರಳಿಟ್ಟು ಓದಿದೆ. ಇಪ್ಪತ್ನಾಲ್ಕು ಎಂಬ ಅಂಕ ಅದರಲ್ಲಿ ಯಾರಿಗೂ ಇರಲಿಲ್ಲ. ಪವಿತ್ರಳ ಹೆಸರಿನ ಮುಂದೆ, ಅಂಕಿಯಲ್ಲೂ ಅಕ್ಷರದಲ್ಲೂ, ನನ್ನ ಕೈಬರಹದಲ್ಲಿ, ಮೂವತ್ತು ಎಂದು ಬರೆದಿತ್ತು.